ಹಾಡುವ ಪೆಟ್ಟಿಗೆ ಕೇಳಿಸಿಕೊಂಡದ್ದು

ಧನುರ್ಮಾಸ ಹಿಡಿದ ಮೂರನೆಯ ದಿನ ಚಿನ್ಮಯ ಮೈಸೂರಿನಿಂದ ಆ ಪೆಟ್ಟಿಗೆಯನ್ನು ತಂದುಕೊಟ್ಟ. ಸಾಬೂನಿನ ಡಬ್ಬಿಯಷ್ಟು ದೊಡ್ಡದು. ಹಿಂದೆ ಎರಡು ವೈರು, ಪಕ್ಕದಲ್ಲಿ ಬೆರಳುದ್ದದ ಒಂದು ಕಡ್ಡಿ, ಜೊತೆಗೊಂದು ಸ್ಪೀಕರು. ಅಡುಗೆಮನೆಗೆ ಒತ್ತಿಕೊಂಡಿದ್ದ ಉಗ್ರಾಣದ ಕೋಣೆಯಲ್ಲಿ, ತಾಯಿ ಭಾಗೀರಥಮ್ಮನವರ ಮಂಚದ ತಲೆದೆಸೆಯ ಗೂಡಿನಲ್ಲಿಟ್ಟು ಸ್ವಿಚ್ ಹಾಕಿದ.

"ನೋಡಮ್ಮ, ಬೆಳಿಗ್ಗೆ ನಾಲ್ಕೂವರೆಗೆ ತಾನೇ ಸುಪ್ರಭಾತ ಹಾಡುತ್ತೆ. ಆಮೇಲೆ ದೇವರನಾಮ. ನೀನು ಯಾವ ಗುಂಡಿಯನ್ನೂ ಒತ್ತಬೇಕಾಗಿಲ್ಲ."

"ನಾಲ್ಕೂವರೆಗಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಹೇಮಲತಾ.

"ಧನುರ್ಮಾಸ ಅಲ್ವಾ ಅತ್ತಿಗೆ, ಒಂದು ತಿಂಗಳು ಅಷ್ಟೆ. ಸಂಕ್ರಾಂತಿ ಆದ್ಮೇಲೆ ಆರು ಗಂಟೆಗೆ ಮಾಡಿಕೊಡ್ತೀನಿ."

ತಿರುಮಕೂಡಲು ನರಸೀಪುರದ ಆ ಮನೆಯಲ್ಲಿ ಆರು ತಿಂಗಳಿಂದ ಎಲ್ಲವೂ ಭಾಗೀರಥಮ್ಮನವರ ಸೊಂಟದ ಸುತ್ತಲೇ ನಡೆಯುತ್ತಿತ್ತು. ಆಷಾಢದಲ್ಲಿ ಹಿತ್ತಿಲ ಕಲ್ಲಿನ ಮೇಲೆ ಜಾರಿ ಬಿದ್ದು, ಆಪರೇಷನ್ ಆಗಿ, ಈಗ ವಾಕರ್ ಹಿಡಿದು ಬಚ್ಚಲಿನವರೆಗೆ ನಡೆದರೆ ಅದೇ ಹೆಚ್ಚು. ವಯಸ್ಸು ಎಪ್ಪತ್ತೊಂಬತ್ತು. ಹಿರಿಯ ಮಗ ಕೃಷ್ಣಪ್ರಸಾದ್ ನಂಜನಗೂಡಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋದರೆ ಮನೆ ಸೇರುವುದು ಸಂಜೆ ಏಳಕ್ಕೆ. ಅವನ ಹೆಂಡತಿ ಹೇಮಲತಾ ಸೋಸಲೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಗಳು ಮೈತ್ರೇಯಿ ಬಿ.ಸಿ.ಎ. ಓದುತ್ತಿದ್ದಳು. ಹತ್ತು ಗಂಟೆಗೆ ಮರಿತಾಯಮ್ಮ ಎಂಬ ಕೆಲಸದಾಕೆ ಬಂದು ಅಜ್ಜಿಗೆ ಸ್ನಾನ ಮಾಡಿಸಿ, ಹೇಮಲತಾ ಮುಚ್ಚಿಟ್ಟು ಹೋದ ಊಟವನ್ನು ಮುಂದಿಟ್ಟು, ಎರಡು ಗಂಟೆಗೆ ಹೊರಟುಬಿಡುತ್ತಿದ್ದಳು. ಎರಡರಿಂದ ಐದರವರೆಗೆ ಭಾಗೀರಥಮ್ಮ ಒಬ್ಬರೇ.

ಕಿರಿಯ ಮಗ ಚಿನ್ಮಯ ಮೈಸೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಲೆಕ್ಚರರ್, ಹೆಂಡತಿ ಪ್ರಿಯಂವದಾಳೊಂದಿಗೆ ಅಲ್ಲೇ ಮನೆ. ಒಂದು ಗಂಟೆಯ ದಾರಿ. ಬರುತ್ತಿದ್ದುದು ಮಾತ್ರ ಎರಡು ತಿಂಗಳಿಗೊಮ್ಮೆ.

ಪೆಟ್ಟಿಗೆ ಬಂದಮೇಲೆ ಅವನ ಫೋನು ಹೆಚ್ಚಾಯಿತು. ಹೇಮಲತಾ ಸಂಜೆ ಸೊಪ್ಪು ಬಿಡಿಸುತ್ತಾ ಕುಳಿತಿರುವಾಗ ಫೋನು ಬರುತ್ತಿತ್ತು.

"ಅತ್ತಿಗೆ, ಅಮ್ಮ ಎರಡು ದಿನದಿಂದ ಕೆಮ್ತಿದ್ದಾಳಲ್ಲ, ಸಿರಪ್ ಕೊಟ್ರಾ?"

"ಕೊಟ್ಟಿದೀನಪ್ಪ. ನಿಂಗ್ಯಾರು ಹೇಳಿದ್ರು?"

"ಹೀಗೇ ಕೇಳ್ದೆ."

ಇನ್ನೊಂದು ದಿನ ಫೋನು ಮಾಡಿ, ಅಮ್ಮನಿಗೆ ನಿನ್ನೆಯ ಹುಳಿ ಕೊಡಬೇಡಿ, ಅವಳಿಗೆ ಆಗುವುದಿಲ್ಲ ಎಂದ. ಹೇಮಲತಾ ಅಂದು ಬೆಳಿಗ್ಗೆ ಹಿಂದಿನ ದಿನದ ಹುಳಿಯನ್ನೇ ಕುದಿಸಿಟ್ಟು ಹೋಗಿದ್ದಳು. ಅವಳಿಗೆ ಮೈಯೆಲ್ಲ ಉರಿಯಿತು. ಅತ್ತೆಯ ಹಳೆಯ ಬಟನ್ ಫೋನು ದಿಂಬಿನ ಕೆಳಗೇ ಇರುತ್ತಿತ್ತು. ಮಧ್ಯಾಹ್ನ ಅದರಲ್ಲಿ ಮಗನಿಗೆ ವರದಿ ಹೋಗುತ್ತಿದೆ ಎಂದುಕೊಂಡು ಹಲ್ಲು ಕಚ್ಚಿ ಸುಮ್ಮನಾದಳು.

ಡಿಸೆಂಬರ್ ಕೊನೆಯ ವಾರ ಹತ್ತನೆಯ ತರಗತಿಗೆ ವಿಶೇಷ ತರಗತಿಗಳು ಶುರುವಾದವು. ಎಂಟೂವರೆಗೆಲ್ಲ ಶಾಲೆಯಲ್ಲಿರಬೇಕು. ನಾಲ್ಕೂವರೆಗೆ ಹಾಡು ಎಬ್ಬಿಸಿದರೆ ಮತ್ತೆ ನಿದ್ದೆಯಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಗಂಡನಿಗೆ ಹೇಳಿಯೇಬಿಟ್ಟಳು.

"ನನ್ನ ಕೈಲಿ ಆಗ್ತಿಲ್ಲ ರೀ. ನಂಜನಗೂಡು ರಸ್ತೇಲಿ ವಯಸ್ಸಾದೋರಿಗೆ ಅಂತ ಒಂದು ಆಶ್ರಮ ಇದೆಯಂತೆ. ನರ್ಸ್ ಇರ್ತಾರಂತೆ. ಪರೀಕ್ಷೆ ಮುಗಿಯೋವರೆಗೆ ಮೂರು ತಿಂಗಳು ಅಂತ ಫೋನ್ ಮಾಡಿ ಕೇಳಿದೀನಿ."

"ಮೆಲ್ಲಗೆ ಮಾತಾಡೇ. ಪಕ್ಕದಲ್ಲೇ ಇದಾಳೆ."

"ನೀವು ಯಾವುದಕ್ಕೂ ಮೆಲ್ಲಗೆ ಅಂತೀರಿ. ಆಗಲ್ಲ ಅನ್ನೋದನ್ನ ಎಷ್ಟು ಮೆಲ್ಲಗೆ ಹೇಳ್ಲಿ?"

ಕೃಷ್ಣಪ್ರಸಾದ್ ತಟ್ಟೆ ತೊಳೆದಿಟ್ಟು ವರಾಂಡಕ್ಕೆ ಹೋದ.

ಎರಡು ದಿನ ಬಿಟ್ಟು ಚಿನ್ಮಯನ ಫೋನು ಬಂತು. ಈ ಸಲ ಅವನ ದನಿ ಏರಿತ್ತು.

"ಅಮ್ಮನ್ನ ಆಶ್ರಮಕ್ಕೆ ಹಾಕ್ತೀರಂತೆ? ಅಪ್ಪ ಇದ್ದಿದ್ರೆ ಈ ಮಾತು ಬರ್ತಿತ್ತಾ ಅತ್ತಿಗೆ?"

"ಅಷ್ಟು ಕಾಳಜಿ ಇದ್ರೆ ಕರ್ಕೊಂಡು ಹೋಗಿ ಇಟ್ಕೋ!" ಎಂದು ಹೇಮಲತಾ ಫೋನು ಕುಕ್ಕಿದಳು. ಹಾಗೇ ಉಗ್ರಾಣದ ಕೋಣೆಯ ಪರದೆ ಸರಿಸಿದಳು. ಭಾಗೀರಥಮ್ಮ ಮಂಚದ ಮೇಲೆ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು.

"ಅಡುಗೆಮನೇಲಿ ಆಡಿದ ಮಾತು ಮೈಸೂರಿಗೆ ಹೇಗೆ ಹೋಯ್ತು ಅತ್ತೆ?"

"ನಾನು ಫೋನ್ ಮಾಡಿಲ್ಲ."

"ಹಾಗಾದ್ರೆ ಗೋಡೆ ಹೇಳ್ತಾ?"

"ನಾನು ಫೋನ್ ಮಾಡಿಲ್ಲ ಹೇಮ."

"ಇಪ್ಪತ್ತೆರಡು ವರ್ಷದಿಂದ ಈ ಮನೇಲಿದೀನಿ. ಚಾಡಿ ಹೇಳೋ ಬುದ್ಧಿ ನಿಮ್ಮಲ್ಲಿ ಇರಲಿಲ್ಲ. ಈಗ ಬಂತು."

ಮುದುಕಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

ಆ ಭಾನುವಾರ ಹೇಮಲತಾ ಮರಿತಾಯಮ್ಮನನ್ನೂ ಬಿಡಲಿಲ್ಲ.

"ನಾನ್ಯಾಕ್ ಏಳ್ಲಿ ಅಮ್ಮಾರೆ?" ಮರಿತಾಯಮ್ಮ ಪೊರಕೆ ಕೆಳಗಿಟ್ಟಳು. "ಚಿಕ್ಕಯ್ಯೋರ ನಂಬರ್ ಏನು ಅಂತ್ಲೇ ನಂಗೊತ್ತಿಲ್ಲ. ಅನುಮಾನ ಇದ್ರೆ ಬ್ಯಾರೆಯೋರ್ನ ನೋಡ್ಕಳಿ, ನಾ ಓಯ್ತೀನಿ."

ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಅಲ್ಲಿಂದ ಮನೆಯೊಳಗೆ ಮಾತು ನಿಂತಿತು. ಭಾಗೀರಥಮ್ಮ ಕೊಟ್ಟಷ್ಟು ತಿಂದರು, ಬೇಕು ಬೇಡ ಎನ್ನಲಿಲ್ಲ. ಸಂಕ್ರಾಂತಿಯ ದಿನ ಹೇಮಲತಾ ಎಳ್ಳುಬೆಲ್ಲದ ತಟ್ಟೆಯನ್ನು ಅತ್ತೆಯ ಮಂಚದ ಮೇಲಿಟ್ಟು ನಮಸ್ಕಾರ ಮಾಡಿ ಎದ್ದು ಬಂದಳು. ಅತ್ತೆ ತಲೆಯ ಮೇಲೆ ಕೈಯಿಟ್ಟರು.

ಧನುರ್ಮಾಸ ಮುಗಿದರೂ ಪೆಟ್ಟಿಗೆ ನಾಲ್ಕೂವರೆಗೇ ಹಾಡುತ್ತಿತ್ತು. ಸಮಯ ಬದಲಾಯಿಸಲು ಅದರಲ್ಲಿ ಗುಂಡಿಯಿಲ್ಲ, ಪರದೆಯಿಲ್ಲ. ಚಿನ್ಮಯ ಅಣ್ಣನ ಫೋನನ್ನೂ ಎತ್ತುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದ ಹೇಮಲತಾ ಪ್ಲಗ್ಗನ್ನೇ ಕೀಳಲು ಹೋದಳು.

"ಬೇಡ, ತೆಗೀಬೇಡ!" ಭಾಗೀರಥಮ್ಮ ಹದಿನೈದು ದಿನದ ಮೇಲೆ ಮೊದಲ ಸಲ ದನಿಯೆತ್ತಿದರು. ಕೈ ಚಾಚಿ ಏಳಲು ಹೋಗಿ ಸೊಂಟ ಹಿಡಿದುಕೊಂಡು ಕುಸಿದರು. "ಅದೊಂದು ಇರ್ಲಿ ಹೇಮ. ನಿನ್ನ ದಮ್ಮಯ್ಯ."

ದಮ್ಮಯ್ಯ ಎಂಬ ಮಾತನ್ನು ಅತ್ತೆಯ ಬಾಯಲ್ಲಿ ಅವಳು ಯಾವತ್ತೂ ಕೇಳಿರಲಿಲ್ಲ. ಪ್ಲಗ್ಗು ಬಿಟ್ಟು ಈಚೆ ಬಂದಳು.

"ಅಮ್ಮ, ಅದು ಬರೀ ಸ್ಪೀಕರ್ ಅಲ್ಲ, ಒಂದು ಪುಟ್ಟ ಕಂಪ್ಯೂಟರ್ರು," ಎಂದಳು ಮೈತ್ರೇಯಿ. "ಚಿಕ್ಕಪ್ಪ ರಜೆಯಲ್ಲಿ ಇಂಥದೇ ಇನ್ನೊಂದರ ಮೇಲೆ ನಂಗೆ ಪಾಠ ಮಾಡಿದ್ದ. ಪರದೆ ಇಲ್ಲದಿದ್ರೂ ನನ್ನ ಲ್ಯಾಪ್‌ಟಾಪಿಂದ ಒಳಗೆ ಹೋಗಬಹುದು. ಆದ್ರೆ ಅದರ ನಂಬರ್ ಗೊತ್ತಾಗಬೇಕು."

"ಯಾವ ನಂಬರ್?"

"ವೈಫೈ ಡಬ್ಬ ಮನೇಲಿರೋ ಒಂದೊಂದಕ್ಕೂ ಒಂದು ನಂಬರ್ ಕೊಡುತ್ತೆ. ಬೀದೀಲಿ ಮನೆ ನಂಬರ್ ಇದ್ದ ಹಾಗೆ. ಈ ಪೆಟ್ಟಿಗೆ ಬಾಯಿಬಿಟ್ಟು ಹೇಳಲ್ಲ, ಅದಕ್ಕೆ ನಂಬರ್ ಕೊಟ್ಟ ವೈಫೈ ಡಬ್ಬಾನೇ ಕೇಳಬೇಕು."

ಮೈತ್ರೇಯಿ ವರಾಂಡದ ವೈಫೈ ಡಬ್ಬವನ್ನು ತಿರುಗಿಸಿ, ಅಡಿಯಲ್ಲಿ ಅಂಟಿಸಿದ್ದ ಚೀಟಿಯ ಗುಪ್ತಪದ ಓದಿ, ಲ್ಯಾಪ್‌ಟಾಪಿನಲ್ಲಿ ಅದರ ಪುಟ ತೆರೆದಳು. ಪಟ್ಟಿಯಲ್ಲಿ ಐದು ಸಾಲುಗಳಿದ್ದವು. ಮೂರಕ್ಕೆ ಗುರುತಿನ ಹೆಸರಿತ್ತು: ಅಮ್ಮನ ಫೋನು, ತನ್ನ ಫೋನು, ಲ್ಯಾಪ್‌ಟಾಪು. ಉಳಿದೆರಡು ಬರೀ ಅಂಕಿ ಅಕ್ಷರಗಳ ಗೋಜಲು.

"ಈ ಎರಡರಲ್ಲಿ ಒಂದು ಟೀವಿ ಇರ್ಬೇಕು. ಗೋಡೆ ಸ್ವಿಚ್ಚು ಆರಿಸಮ್ಮ."

ಹೇಮಲತಾ ಆರಿಸಿದಳು. ಮಗಳು ಪುಟವನ್ನು ಮತ್ತೆ ತೆರೆದಾಗ ಒಂದು ಸಾಲು ಕಾಣೆಯಾಗಿತ್ತು.

"ಉಳಿದದ್ದು ಅದೇ. ಆದ್ರೂ ಖಾತ್ರಿ ಮಾಡ್ಕೋಬೇಕು. ಅಜ್ಜಿ, ಒಂದೇ ನಿಮಿಷ ಆರಿಸ್ತೀನಿ, ಆಣೆಗೂ ಮತ್ತೆ ಹಾಕ್ತೀನಿ."

ಭಾಗೀರಥಮ್ಮ ಗೂಡಿನ ಕಡೆಯಿಂದ ಕಣ್ಣು ತೆಗೆಯದೆ ಕುಳಿತರು. ಪ್ಲಗ್ಗು ಕಿತ್ತಾಗ ಪಟ್ಟಿಯಿಂದ ಆ ಸಾಲು ಹೋಯಿತು. ಹಾಕಿದಾಗ ಒಂದು ನಿಮಿಷಕ್ಕೆ ಮತ್ತೆ ಬಂತು. ಹೇಮಲತಾ ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂದೆ ಬರೆದುಕೊಂಡಳು: ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ಮೂವತ್ತೇಳು.

ಪೆಟ್ಟಿಗೆಯ ಗುಪ್ತಪದ ಚಿನ್ಮಯ ರಜೆಯ ಪಾಠದಲ್ಲಿ ಇಟ್ಟಿದ್ದದ್ದೇ. ಮೈತ್ರೇಯಿ ಒಳಗೆ ಹೋಗಿ ಹಾಡಿನ ಸಮಯವನ್ನು ಆರಕ್ಕೆ ತಂದಳು. ಆಮೇಲೆ ಅವಳ ಬೆರಳು ನಿಂತಿತು.

"ಅಮ್ಮ, ಇಲ್ಲಿ ಹಾಡಲ್ಲದೆ ಬೇರೆ ಏನೇನೋ ಇದೆ. ದಿನಕ್ಕೊಂದು ಫೋಲ್ಡರು."

"ಏನದು?"

ಮೈತ್ರೇಯಿ ಡಿಸೆಂಬರಿನ ಒಂದು ದಿನವನ್ನು ಒತ್ತಿದಳು. ಪಾತ್ರೆ ಸದ್ದು ಕೇಳಿಸಿತು. ನಂತರ ಒಂದು ಹೆಂಗಸಿನ ಒರಟು ದನಿ.

"ಕಾಲು ಎತ್ತಿ ಅತ್ತೆ. ಎತ್ತಿ ಅಂದ್ರೆ ಎತ್ತಬೇಕು. ಎಷ್ಟು ಸಲ ಹೇಳ್ಬೇಕು? ನಂಗೆ ಬಸ್ಸು ತಪ್ಪುತ್ತೆ."

ಅದು ತನ್ನದೇ ದನಿ ಎಂದು ತಿಳಿಯಲು ಹೇಮಲತಾಳಿಗೆ ಒಂದು ಕ್ಷಣ ಹಿಡಿಯಿತು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು.

"ಆ ಕಡ್ಡಿ..." ಎಂದಳು ಮೈತ್ರೇಯಿ. "ಅದು ಮೈಕು ಕಣಮ್ಮ. ನಾವು ಆಡಿದ್ದೆಲ್ಲ ರೆಕಾರ್ಡ್ ಆಗಿದೆ. ಅಜ್ಜಿ ಯಾರಿಗೂ ಫೋನ್ ಮಾಡಿಲ್ಲ."

ಹೇಮಲತಾ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. "ಇನ್ನೊಂದು ಹಾಕು," ಎಂದಳು.

"ಬೇಡಮ್ಮ."

"ಹಾಕು ಅಂದೆ."

ಇದು ಜನವರಿ ಎರಡರದು. ಮಧ್ಯಾಹ್ನದ ನಿಶ್ಶಬ್ದ. ಬೀದಿಯಲ್ಲಿ ಸೊಪ್ಪಿನವಳ ಕೂಗು. ಹತ್ತಿರದಲ್ಲೇ ಭಾಗೀರಥಮ್ಮನವರ ಮೆಲುದನಿ.

"ಚಿನ್ನೂ, ಕೇಳಿಸ್ತಿದ್ಯೇನೋ? ಇವತ್ತು ಬೆಳಗಿನ ಜಾವ ಹಾಸಿಗೆ ಒದ್ದೆ ಆಗಿತ್ತು ಕಣೋ. ಹೇಮಂಗೆ ಹೇಳಲಿಲ್ಲ. ಅವಳ ಬಸ್ಸು ತಪ್ಪಿಹೋಗುತ್ತಲ್ಲ. ಕಂಬಳಿ ಹೊದ್ಕೊಂಡೇ ಕಾಫಿ ಕುಡ್ದೆ. ಮರಿತಾಯಿ ಬಂದ್ಮೇಲೆ ಬದಲಾಯಿಸಿದ್ಲು. ಆ ಜಗಳ ಇನ್ನು ಮುಂದುವರಿಸಬೇಡಪ್ಪ. ನನ್ನ ತಲೆ ಮೇಲೆ ಬಂತು ನೋಡು."

ನಸುಕಿನಿಂದ ಹತ್ತು ಗಂಟೆಯವರೆಗೆ ಒದ್ದೆಯಲ್ಲಿ. ತಾನು ಆ ಕಂಬಳಿಯ ಪಕ್ಕದಲ್ಲೇ ಲೋಟವಿಟ್ಟು ಹೋಗಿದ್ದೆ ಎಂಬುದು ಹೇಮಲತಾಳಿಗೆ ನೆನಪಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಜನವರಿ ಐದರದ್ದು ಚಿಕ್ಕದು.

"ಚಿನ್ನೂ, ಒಂದು ಮಾತು. ಪರೀಕ್ಷೆ ಮುಗಿಯೋವರೆಗೆ, ಮೂರೇ ತಿಂಗಳು, ನಿನ್ನ ಮನೇಲಿ ಇಟ್ಕೋತೀಯಾ? ಪ್ರಿಯಂವದಾನ ಕೇಳು. ಯೋಚನೆ ಮಾಡಿ ಹೇಳು."

ಎಂಟರಂದು ಅದೇ ಪ್ರಶ್ನೆ. ಹನ್ನೊಂದರಂದು, "ಆಗದಿದ್ರೆ ಆಗಲ್ಲ ಅನ್ನು, ನಂಗೇನೂ ಬೇಜಾರಿಲ್ಲ."

ಮೈತ್ರೇಯಿ ಇನ್ನೊಂದು ಪುಟ ತೆರೆದು ಬಹಳ ಹೊತ್ತು ನೋಡಿದಳು.

"ಚಿಕ್ಕಪ್ಪ ಇದನ್ನ ಯಾವುದನ್ನೂ ಕೇಳಿಲ್ಲ. ಮೈಸೂರಿಂದ ಇದರೊಳಗೆ ಬಂದು ಕೇಳಿದ ದಿನಗಳು ಇಲ್ಲಿವೆ. ಹೊಸ ವರ್ಷದ ದಿನಕ್ಕೆ ನಿಂತುಹೋಗಿದೆ. ನಿಂಗೂ ಅವನಿಗೂ ಜಗಳ ಆಯ್ತಲ್ಲ, ಆಮೇಲೆ ಬಂದೇ ಇಲ್ಲ."

ಸಂಜೆ ಕೃಷ್ಣಪ್ರಸಾದನಿಗೂ ಕೇಳಿಸಿದರು. ಮೊದಲು ಅವನು ಕೆಂಡವಾದ. "ಹೆತ್ತ ತಾಯಿ ಕೋಣೆಗೆ ಕಳ್ಳಗಿವಿ ಇಟ್ಟಿದಾನಾ!" ಎಂದು ಕೂಗಾಡಿದ. ಆದರೆ ಅರ್ಧ ಗಂಟೆ ಕೇಳಿದಮೇಲೆ ತಣ್ಣಗಾಗಿ, "ಅಮ್ಮನ ಜೊತೆ ನನ್ನ ದನಿ ಎಲ್ಲೂ ಇಲ್ವಲ್ಲ?" ಎಂದ. ಇತ್ತು. ದಿನಕ್ಕೊಂದು ಸಲ, "ಮಾತ್ರೆ ತಗೊಂಡ್ಯಾಮ್ಮ?" ಅಷ್ಟೆ.

ಅವನು ತಮ್ಮನಿಗೆ ಸಂದೇಶ ಕಳಿಸಿದ: "ಪೆಟ್ಟಿಗೆಯೊಳಗೆ ಏನಿದೆ ಗೊತ್ತಾಗಿದೆ. ನಾಳೆ ಬಾ."

ಭಾನುವಾರ ಹತ್ತು ಗಂಟೆಗೆ ಚಿನ್ಮಯ ಬಂದ. ಕುಳಿತುಕೊಳ್ಳಲಿಲ್ಲ. ತಾಯಿಯ ಕೋಣೆಯಲ್ಲೇ ಎಲ್ಲರೂ ನಿಂತಿದ್ದರು.

"ಪದೇ ಪದೇ ಬರೋಕಾಗಲ್ಲ, ಅದಕ್ಕೇ ಇಟ್ಟೆ. ಅಮ್ಮ ಹೇಗಿದಾಳೆ ಅಂತ ತಿಳ್ಕೋಬೇಕಿತ್ತು, ಇನ್ನೇನಿಲ್ಲ ಅಣ್ಣ."

"ತಿಳ್ಕೋಬೇಕಾದ್ರೆ ಬಂದು ಪಕ್ಕದಲ್ಲಿ ಕೂತ್ಕೋಬೇಕು," ಎಂದಳು ಹೇಮಲತಾ. "ನನ್ನ ಅಡುಗೆಮನೆ ಮಾತು ಕದ್ದು ಕೇಳಿ ನನ್ನ ಮೇಲೇ ಎಗರಿದ್ಯಲ್ಲ, ಬೈಸ್ಕೊಂಡೋರು ಯಾರು ಗೊತ್ತಾ? ಅತ್ತೆ."

ನಂತರ ಅತ್ತೆಯ ಕಡೆ ತಿರುಗಿದಳು. "ನಿಮಗೆ ಮೊದಲೇ ಗೊತ್ತಿತ್ತಲ್ವಾ? ನಾನು ಚಾಡಿ ಅಂದಾಗ ಯಾಕೆ ಹೇಳಲಿಲ್ಲ?"

"ಇಟ್ಟ ದಿನವೇ ಕಿವೀಲಿ ಹೇಳಿದ್ದ," ಎಂದರು ಭಾಗೀರಥಮ್ಮ. "'ಮಾತಾಡಮ್ಮ, ರಾತ್ರಿ ಕೇಳ್ತೀನಿ' ಅಂದ. ನಿಂಗೆ ಹೇಳಿದ್ದಿದ್ರೆ ಕಿತ್ತು ಬಿಸಾಕ್ತಿದ್ದೆ. ಆಮೇಲೆ ನಾನು ಯಾರ ಹತ್ರ ಮಾತಾಡ್ಲಿ?"

ಭಾಗೀರಥಮ್ಮ ಕಿರಿಯ ಮಗನ ಮುಖ ನೋಡಿದರು.

"ಅದು ಬಿಡು ಚಿನ್ನೂ. ನಾನು ಒಂದು ವಿಷಯ ಕೇಳಿದ್ದೆನಲ್ಲ. ಏನು ಮಾಡಿದೆ?"

ಚಿನ್ಮಯ ತಡವರಿಸಿದ. "ಹೂಂ ಅಮ್ಮ... ಯೋಚನೆ ಮಾಡ್ತಿದೀನಿ."

"ಅವನಿಗೆ ಗೊತ್ತಿಲ್ಲ ಅತ್ತೆ," ಎಂದಳು ಹೇಮಲತಾ. "ಹೊಸ ವರ್ಷದಿಂದ ಒಂದು ದಿನಾನೂ ಕೇಳಿಲ್ಲ. ನಾನು ಕೇಳ್ದೆ, ನಿನ್ನೆ. ಎಲ್ಲಾನೂ."

ಮುದುಕಿಯ ಕೈ ಹಾಸಿಗೆಯ ಅಂಚನ್ನು ಹಿಡಿಯಿತು. ಮಗನ ಕಡೆಗೆ ಇನ್ನೊಮ್ಮೆ ನೋಡಿದರು. ಅವನು ನೆಲ ನೋಡುತ್ತಿದ್ದ.

"ಹೌದೇನೋ?"

"ಆ ಜಗಳ ಆದ್ಮೇಲೆ ಕೇಳೋಕೆ ಹೆದರಿಕೆ ಆಯ್ತಮ್ಮ," ಎಂದ ಚಿನ್ಮಯ. "ಏನು ಕೇಳಿದ್ದೆ?"

"ಏನಿಲ್ಲ ಬಿಡು. ಸಾರಿಗೆ ಉಪ್ಪು ಕಮ್ಮಿ ಅಂದಿದ್ದೆ."

"ಮೂರು ತಿಂಗಳು ನಿಮ್ಮ ಮನೇಲಿ ಇಟ್ಕೋತೀಯಾ ಅಂತ ಕೇಳಿದಾರೆ," ಎಂದಳು ಹೇಮಲತಾ. "ಮೂರು ಸಲ."

ಚಿನ್ಮಯ ಕನ್ನಡಕ ತೆಗೆದು ಒರೆಸಿಕೊಂಡ. "ಪ್ರಿಯಂವದಾನ ಕೇಳಿ ಹೇಳ್ತೀನಿ," ಎಂದ. ಹೋಗುವ ಮೊದಲು ಮೈಕಿನ ಕಡ್ಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಊಟ ಮಾಡ್ಕೊಂಡು ಹೋಗೋ," ಎಂದರು ಭಾಗೀರಥಮ್ಮ. ಅವನು ನಿಲ್ಲಲಿಲ್ಲ.

ಮರುದಿನದಿಂದ ಹೇಮಲತಾ ಕಾಫಿಗೆ ಮೊದಲು ಅತ್ತೆಯ ಹಾಸಿಗೆ ಮುಟ್ಟಿ ನೋಡುತ್ತಿದ್ದಳು. ಒದ್ದೆಯಿದ್ದ ದಿನ ಬಸ್ಸು ತಪ್ಪಿತು. ಹೆಡ್ಮಿಸ್ಟ್ರೆಸ್ ಒಮ್ಮೆ ಗದರಿದರು, ಇನ್ನೊಮ್ಮೆ ವಿವರಣೆ ಬರೆಸಿಕೊಂಡರು. ಮನೆಗೆ ಬಂದು ಆ ಸಿಟ್ಟನ್ನು ಮಗಳ ಮೇಲೆ ತೀರಿಸಿಕೊಂಡಳು. ಕೃಷ್ಣಪ್ರಸಾದ್ ಸಂಜೆ ತಾಯಿಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರಲು ಶುರುಮಾಡಿದ. ಏನು ಮಾತಾಡಬೇಕೆಂದು ತೋಚದೆ ಪೇಪರ್ ಓದಿ ಹೇಳುತ್ತಿದ್ದ. ಮರಿತಾಯಮ್ಮನ ಎದುರು ಹೇಮಲತಾ, "ನಿನ್ನ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು," ಎಂದಳು. "ಓಗ್ಲಿ ಬುಡಿ ಅಮ್ಮಾರೆ," ಎಂದು ಅವಳು ಪಾತ್ರೆಗೆ ಕೈ ಹಾಕಿದಳು. ಅತ್ತೆಗೆ ಮಾತ್ರ ಆ ಮಾತನ್ನು ಹೇಳಲು ಅವಳಿಗೆ ನಾಲಗೆ ಏಳಲಿಲ್ಲ.

ಹತ್ತನೆಯ ದಿನ ಚಿನ್ಮಯನ ಫೋನು ಬಂತು. ಮನೆ ಎರಡನೆಯ ಮಹಡಿ, ಲಿಫ್ಟಿಲ್ಲ, ಪ್ರಿಯಂವದಾಳ ತಾಯಿಯೂ ಬಂದಿದ್ದಾರೆ, ಬೇಸಿಗೆ ಕಳೆಯಲಿ ನೋಡೋಣ. ಹೇಮಲತಾ ಜಗಳ ಮಾಡಲಿಲ್ಲ. ಫೋನಿಟ್ಟು ಅತ್ತೆಯ ಕೋಣೆಗೆ ಹೋದಳು.

"ಏನಂದ?" ಎಂದರು ಭಾಗೀರಥಮ್ಮ.

"ಆಗಲ್ಲ ಅಂದ ಅತ್ತೆ."

ಅವರು ವಾಕರನ್ನು ಹತ್ತಿರಕ್ಕೆ ಎಳೆದುಕೊಂಡರು. "ನೀನು ಫೋನ್ ಮಾಡಿ ಕೇಳಿದ್ಯಲ್ಲ, ಆ ಜಾಗ ಹೇಗಿದೆ?"

"ನಾನು ನೋಡಿಲ್ಲ."

"ನೋಡದೇನೇ ಕಳಿಸ್ತಿದ್ಯಾ? ನಡಿ, ಇಬ್ರೂ ಹೋಗಿ ನೋಡ್ಕೊಂಡು ಬರೋಣ."

ಮುಂದಿನ ಶನಿವಾರ ರಜೆ ಹಾಕಿ, ಪಕ್ಕದ ಬೀದಿಯ ಮಲ್ಲಿಕಾರ್ಜುನ್ ಕಾರಿನಲ್ಲಿ ಇಬ್ಬರೂ ಹೋದರು. ಜಾಗ ಚೊಕ್ಕಟವಾಗಿತ್ತು. ಉದ್ದನೆಯ ಹಾಲ್, ಎರಡು ಸಾಲು ಮಂಚ, ಫಿನಾಯಿಲ್ ವಾಸನೆ. ನೋಡಿಕೊಳ್ಳುವವಳು ಚನ್ನಾಜಮ್ಮ ಎಂಬ ಗಟ್ಟಿ ಹೆಂಗಸು. ಭಾಗೀರಥಮ್ಮ ವಾಕರ್ ಊರಿಕೊಂಡು ಸಾಲಿನ ಕೊನೆಯವರೆಗೂ ನಡೆದರು. ಊಟ ಎಷ್ಟು ಹೊತ್ತಿಗೆ, ಸ್ನಾನಕ್ಕೆ ಬಿಸಿನೀರು ದಿನವೂ ಇದೆಯೇ ಎಂದು ಬಿಡಿಸಿ ಬಿಡಿಸಿ ಕೇಳಿದರು. ಕಡೆಯ ಮಂಚದ ಮುದುಕಿಯೊಬ್ಬಳು ಅವರ ಕೈ ಹಿಡಿದುಕೊಂಡು, "ಇವತ್ತೇ ಬಂದ್ಬುಟ್ರಾ?" ಎಂದು ಕೇಳಿ, ಬಹಳ ಹೊತ್ತು ಬಿಡಲಿಲ್ಲ.

ವಾಪಸು ಬರುವಾಗ ಗದ್ದೆಗಳ ನಡುವಿನ ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತು ಕಾರು ನಿಧಾನವಾಯಿತು.

"ಬೇಡ ಹೇಮ," ಎಂದರು ಭಾಗೀರಥಮ್ಮ, ಸೊಸೆಯ ಮುಖವನ್ನೇ ನೋಡಿ. "ನಾನು ಅಲ್ಲಿರಲ್ಲ."

"ಬೇಡ ಅಂದ್ರೆ ಬೇಡ ಅತ್ತೆ."

"ನಿಂಗೆ ಕಷ್ಟ ಆಗುತ್ತೆ."

ಇಲ್ಲ ಎನ್ನಬಹುದಿತ್ತು. ಹೇಮಲತಾ ಹಾಗೆನ್ನಲಿಲ್ಲ.

"ಆಗುತ್ತೆ," ಎಂದಳು. "ಕೆಲವು ದಿನ ಕೂಗಾಡ್ತೀನಿ. ನೀವೂ ತಿರುಗಿ ಕೂಗಾಡಿ. ನಾನು ಅವತ್ತು ಅಂದ ಮಾತು ತಪ್ಪು."

ಟ್ರ್ಯಾಕ್ಟರ್ ಪಕ್ಕಕ್ಕೆ ಸರಿಯಿತು. ಭಾಗೀರಥಮ್ಮ ತಲೆಯಾಡಿಸಿ, ಕಾರಿನ ಕುಲುಕಾಟಕ್ಕೆ ಸೊಂಟ ನೋಯುತ್ತಿದೆ, ಸ್ವಲ್ಪ ಮೆಲ್ಲಗೆ ಓಡಿಸಲು ಹೇಳು ಎಂದರು. ಹೇಮಲತಾ ಮುಂದಕ್ಕೆ ಬಾಗಿ ಮಲ್ಲಿಕಾರ್ಜುನನಿಗೆ ಹೇಳಿದಳು.